ತಾನಾಗಿ ಆದ ತಪ್ಪುಗಳು

ಆ ಮನೆಯಲ್ಲಿ ಯಾರೂ ಏನನ್ನೂ ಕೆಡಿಸಿದ ಉದಾಹರಣೆ ಇರಲಿಲ್ಲ. ಲೋಟಗಳು ತಾವೇ ಕೈಯಿಂದ ಹಾರಿ ಒಡೆದುಕೊಳ್ಳುತ್ತಿದ್ದವು. ಹಾಲು ಯಾರನ್ನೂ ಕೇಳದೆ ಉಕ್ಕುತ್ತಿತ್ತು. ಬೀಗದ ಕೈಗೆ ಕಾಲು ಬಂದು ಎಲ್ಲಿಗೋ ನಡೆದುಬಿಡುತ್ತಿತ್ತು. ಕೊಡೆ ಬಸ್ಸಿನಲ್ಲೇ ಉಳಿದುಕೊಳ್ಳುತ್ತಿತ್ತು, ಅಂಗಿಗೆ ಮಸಿ ಆಗುತ್ತಿತ್ತು. ಇಷ್ಟೆಲ್ಲದರ ನಡುವೆ ಮನೆಯ ಯಜಮಾನರು ಮಾತ್ರ ಈಗಷ್ಟೇ ಹುಟ್ಟಿದ ಕೂಸಿನ ಹಾಗೆ, ಏನೊಂದೂ ಅರಿಯದ ಮುಖ ಹೊತ್ತು ನಿಂತಿರುತ್ತಿದ್ದರು.

ಯಜಮಾನರು ನೀರು ಸರಬರಾಜು ಕಚೇರಿಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟಿತ್ತು, ಹೆಸರು ಬಿಟ್ಟಿರಲಿಲ್ಲ. ಬೀದಿಯವರಿಗೆಲ್ಲ ಅವರು ಈಗಲೂ ಸೂಪರ್‌ವೈಸರೇ. ನೌಕರಿಯಲ್ಲಿದ್ದಾಗ ಎಲ್ಲೇ ಪೈಪು ಒಡೆದರೂ ಅದು ಹಿಂದಿನ ಸೂಪರ್‌ವೈಸರ್ ಮಾಡಿಟ್ಟುಹೋದ ಎಡವಟ್ಟು ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು. ಆ ಹಿಂದಿನ ಮನುಷ್ಯ ಪಾಪ, ತೀರಿಕೊಂಡು ವರ್ಷಗಳಾದ ಮೇಲೂ ಹೊಸ ಹೊಸ ಪೈಪುಗಳನ್ನು ಒಡೆಯುತ್ತಲೇ ಇದ್ದ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವರು ಹೆಂಡತಿಯ ಹತ್ತಿರ, "ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ ಕಣೇ" ಎಂದಿದ್ದರು. ಅದು ನಿಜ. ಚುಕ್ಕೆಗಳನ್ನೆಲ್ಲ ಅಕ್ಕಪಕ್ಕದವರ ಮೇಲೆ ಸಿಡಿಸಿ ಬಂದಿದ್ದರು.

ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ಕಿಟಕಿಗೆ ತಾಗಿದಂತೆ ಅವಳ ಮಿಷನ್, ಪಕ್ಕದಲ್ಲಿ ಕತ್ತರಿಸುವ ಮೇಜು, ಗೋಡೆಗೆ ತೂಗುಹಾಕಿದ ಮಕ್ಕಳ ಯೂನಿಫಾರಂಗಳು, ಪರದೆಗಳು, ಕೋಟುಗಳು. ಬೀದಿಯಲ್ಲಿ ಅವಳಿಗೆ ಹೊಲಿಗೆಯಮ್ಮ ಎಂದೇ ಹೆಸರು. ಒಂದೊಮ್ಮೆ ಅಳತೆ ತಪ್ಪಿ ಬಟ್ಟೆ ಕತ್ತರಿಸಿದರೆ ತಾನೇ ಹೊಸ ಬಟ್ಟೆ ತಂದು ಹೊಲಿದುಕೊಡುವವಳು. ಹಾಗಾಗಿ, ತಾನು ಗಂಡನ ಜಾತಿಯ ಪ್ರಾಣಿಯಲ್ಲ ಎಂಬ ಒಂದು ಹೆಮ್ಮೆ ಅವಳಿಗೆ ಒಳಗೊಳಗೇ ಇತ್ತು. ಗಂಡ ಗಾಳಿಗೆ, ಕರೆಂಟಿಗೆ, ಚಪ್ಪಲಿ ಮಾಡಿದವನಿಗೆ ಬೈಯುವುದನ್ನು ಕೇಳುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮೂಗಿನಲ್ಲೇ ನಗುತ್ತಿದ್ದಳು. ಇಡೀ ಸಂಸಾರವನ್ನು ಅವಳು ಮೂಗಿನಲ್ಲಿ ನಕ್ಕೇ ದಾಟಿಸಿದ್ದಳು.

ಬಚ್ಚಲುಮನೆಯ ನೆಲ ಬಿರುಕು ಬಿಟ್ಟಾಗ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿಯ ಕೈ ಒಳ್ಳೆಯದು, ನಾಲಿಗೆ ಕೈಗಿಂತ ಉದ್ದ. "ನಾನು ಹಾಕಿದ ನೆಲದ ಮೇಲೆ ನೀರು ನಿಂತ್ರೆ ಆ ನೀರಿಗೇ ನಾಚಿಕೆ ಆಗ್ಬೇಕಮ್ಮ" ಎಂದು ಜಂಬ ಕೊಚ್ಚಿ, ಹಳೆಯ ನೆಲವನ್ನೆಲ್ಲ ಅಗೆದು ಗುಡ್ಡೆ ಹಾಕಿ, "ನಾಳೆ ಬೆಳಗ್ಗೆ ಬಂದ್ಬಿಡ್ತೀನಿ" ಎಂದು ಹೋದವನು ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಬೇರೆ ಯಾವುದೋ ಕೆಲಸಕ್ಕೂ ಒಪ್ಪಿಕೊಂಡು ಎರಡೂ ಕಡೆ ಕಾಲಿಟ್ಟಿದ್ದ. ಗಂಡ ಹೆಂಡತಿ ಹಿತ್ತಲಲ್ಲಿ ಹಳೆಯ ಪರದೆ ಕಟ್ಟಿಕೊಂಡು ಸ್ನಾನ ಮಾಡಬೇಕಾಯಿತು. ಸೂಪರ್‌ವೈಸರಿಗೆ ಪಿತ್ತ ನೆತ್ತಿಗೇರಿತು.

"ನೆಲ ಹಾಕೋದು ಏನು ಬ್ರಹ್ಮವಿದ್ಯೆಯೇನೇ? ನಾನೇ ಹಾಕ್ತೀನಿ."

"ಇನ್ನೊಂದು ದಿನ ನೋಡ್ರಿ. ಅವನೇ ಬಂದು ಹಾಕ್ಲಿ" ಎಂದಳು ಅವಳು.

"ನೀರಿನ ವಿಷಯ ನೀನು ನನಗೆ ಹೇಳಿಕೊಡ್ತೀಯಾ? ಇಡೀ ಊರಿಗೆ ನೀರು ಹರಿಸಿದವನು ನಾನು."

ತಲೆಗೆ ಟವೆಲು ಸುತ್ತಿಕೊಂಡು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಇಳಿದರು. ಮೇಸ್ತ್ರಿ ಬಿಟ್ಟುಹೋಗಿದ್ದ ಸಿಮೆಂಟು, ಮೇಸ್ತ್ರಿ ಬಿಟ್ಟುಹೋಗಿದ್ದ ಟೈಲ್ಸು, ಮೇಸ್ತ್ರಿ ಬಿಟ್ಟುಹೋಗಿದ್ದ ಕರಣೆ. ಸಂಜೆಯ ಹೊತ್ತಿಗೆ ನೆಲ ಮುಗಿದಿತ್ತು. ಟೈಲ್ಸುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅವರು ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾನು ಮಾಡಿದ್ದು! ನೋಡು, ನಾನು ಮಾಡಿದ್ದು!" ಎಂದು ಹೆಂಡತಿಯನ್ನು ಕೂಗಿ ಕರೆದರು. ಒಳ್ಳೆಯದಾದ ಕೆಲಸಗಳು ಆ ಮನೆಯಲ್ಲಿ ತಾವಾಗಿ ಆಗುತ್ತಿರಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಹಲ್ಲು ಕಿರಿಯುತ್ತ ಬಂದ. ನೆಲ ನೋಡಿ ಹಲ್ಲು ಮುಚ್ಚಿಕೊಂಡ. ನೀರು ತೂತಿನ ಕಡೆ ಹರಿದುಹೋಗಲಿ ಎಂದು ನೆಲಕ್ಕೆ ಕೊಡುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಎನ್ನುತ್ತಾರೆ. "ಸಾರ್, ವಾಟ ಬಾಗಿಲ ಕಡೆ ಇದೆ. ಒಡೀಬೇಕು" ಎಂದ.

"ಒಡೆಯೋದು ಬಿಡೋದು ನಾನು ಹೇಳ್ತೀನಿ. ನೀನು ಸಂದುಗಳಿಗೆ ಸಿಮೆಂಟು ತುಂಬು, ಸಾಕು."

ಮೇಸ್ತ್ರಿ ಭುಜ ಕುಣಿಸಿದ, ಸಂದು ತುಂಬಿದ, ಕೂಲಿ ಎಣಿಸಿಕೊಂಡು ಹೊರಟುಹೋದ.

ಸಿಮೆಂಟು ಒಣಗಿದ ಮೇಲೆ ಮೊದಲ ಸ್ನಾನಕ್ಕೆ ಸೂಪರ್‌ವೈಸರೇ ಹೋದರು. ಹೊಲಿಗೆಯಮ್ಮ ಮಿಷನ್ನಿನ ಮುಂದೆ ಕೂತಿದ್ದಾಗ ಕಾಲಿಗೆ ಬೆಚ್ಚಗೆ ತಾಗಿತು. ಬಗ್ಗಿ ನೋಡಿದರೆ ಸೋಪಿನ ನೊರೆ ಹೊತ್ತ ನೀರು ನಡುಮನೆ ದಾಟಿ, ಅವಳ ಕೋಣೆಗೆ ನೆಂಟರ ಹಾಗೆ ನೆಟ್ಟಗೆ ಬಂದಿತ್ತು. ಬಚ್ಚಲಿನ ಮೂಲೆಯ ತೂತು ಮಾತ್ರ ಬೇಸಿಗೆಯ ಬಾವಿಯಂತೆ ಒಣಗಿ ಕೂತಿತ್ತು. ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತ ಸೂಪರ್‌ವೈಸರು ಹರಿಯುವ ನೀರನ್ನು ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಒಂದು ನಿಟ್ಟುಸಿರು ಬಿಟ್ಟು ಹೇಳಿದರು:

"ಕೆಡಿಸಿಬಿಟ್ಟ ನೋಡು, ಆ ಮೇಸ್ತ್ರಿ."

ಅವಳು ಎಂದಿನಂತೆ ಮೂಗಿನಲ್ಲಿ ನಕ್ಕಳು. ಒರೆಸುವ ಬಟ್ಟೆ ತಂದಳು.

ಅಲ್ಲಿಂದ ಶುರುವಾಯಿತು. ಹಾಲಿನ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಅಂಚೆಯವನ ಹತ್ತಿರ, ದಾರಿಯಲ್ಲಿ ಸಿಕ್ಕಿದವರ ಹತ್ತಿರ, ಎಲ್ಲಿ ಕಿವಿ ಸಿಕ್ಕಿದರೆ ಅಲ್ಲಿ ಸೂಪರ್‌ವೈಸರು ಮೇಸ್ತ್ರಿಯ ಕಥೆ ಬಿಚ್ಚಿದರು. ಮೊದಮೊದಲು 'ಸಂದು ತುಂಬುವಾಗ ಏನೋ ಮಾಡಿಬಿಟ್ಟ' ಎನ್ನುತ್ತಿದ್ದರು. ಬರುಬರುತ್ತ ಟೈಲ್ಸೂ ಅವನೇ ಹಾಕಿದ, ಇವರು ಪಕ್ಕದಲ್ಲಿ ನಿಂತು 'ಬೇಡವೋ, ವಾಟ ತಪ್ಪುತ್ತಿದೆ' ಎಂದು ಬಡಕೊಂಡರು, ಅವನು ಕೇಳಲಿಲ್ಲ ಎಂಬಲ್ಲಿಗೆ ಬಂತು. ಹೇಳಿ ಹೇಳಿ ಅವರಿಗೇ ಅದು ಕಣ್ಣಿಗೆ ಕಟ್ಟಿದಂತಾಗಿತ್ತು. ಬಟ್ಟೆ ಕೊಡಲು ಬಂದವರ ಮುಂದೆ, ಅವಳ ಮೇಜಿನ ಪಕ್ಕದಲ್ಲೇ ನಿಂತು ಹೇಳುವಾಗ ಅವಳ ಮಿಷನ್ ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ಓಡುತ್ತಿತ್ತು. ನಾಲ್ಕು ಜನರ ಎದುರು ಗಂಡನ ಮಾತು ತೆಗೆದುಹಾಕುವುದು ಏಕೆ, ಮೇಸ್ತ್ರಿಗೇನು ಕೊಂಬು ಮುರಿದುಹೋಗುತ್ತದೆಯೇ ಎಂದುಕೊಳ್ಳುತ್ತಿದ್ದಳು.

ಒಂದು ದಿನ ಅವಳ ಬೆರಳಿಗೆ ಮಿಷನ್ನಿನ ಸೂಜಿ ಹೊಕ್ಕಿತು. ಗಂಡನ ಜೊತೆ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಹೋದಳು. ಡಾಕ್ಟರಮ್ಮ ಕ್ಲಿನಿಕ್ಕಿನ ಹಿಂದೆ ಎರಡು ಕೋಣೆ, ಬಚ್ಚಲುಮನೆಗಳನ್ನು ಕಟ್ಟಿಸಬೇಕೆಂದಿದ್ದರು. ಬೆರಳಿಗೆ ಬಟ್ಟೆ ಸುತ್ತುತ್ತ ಕೇಳಿದರು:

"ನಿಮ್ಮನೆ ಕೆಲಸ ಮಾಡಿದ್ನಲ್ಲ, ಆ ಮೇಸ್ತ್ರಿಗೇ ಕೊಡೋಣ ಅಂತಿದ್ದೀನಿ. ಹೇಗೆ ಅವನ ಕೆಲಸ?"

"ಅಯ್ಯೋ, ಅವನಾ?" ಸೂಪರ್‌ವೈಸರು ಕುರ್ಚಿ ಮುಂದಕ್ಕೆಳೆದುಕೊಂಡರು. ಕಥೆ ಪೂರ್ತಿ ಹೇಳಿದರು. ಪಕ್ಕದಲ್ಲಿ ನಿಂತು ಬಡಕೊಂಡದ್ದನ್ನೂ ಹೇಳಿದರು.

ಡಾಕ್ಟರಮ್ಮ ಅಷ್ಟು ಸುಲಭಕ್ಕೆ ನಂಬುವವರಲ್ಲ. ಅವಳ ಕಡೆ ತಿರುಗಿದರು. "ಹೌದಾ ಹೊಲಿಗೆಯಮ್ಮ?"

ಅವಳು ತನ್ನ ಬೆರಳನ್ನೇ ನೋಡುತ್ತ, "ನೀರು ಬಾಗಿಲ ಕಡೆಗೇ ಬರುತ್ತೆ, ಅದಂತೂ ಹೌದು" ಎಂದಳು.

ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ಅದನ್ನೇ ತನಗೆ ತಾನೇ ಹೇಳಿಕೊಂಡಳು: ನಾನು ಸುಳ್ಳು ಹೇಳಲಿಲ್ಲವಲ್ಲ. ಕ್ಲಿನಿಕ್ಕಿನ ಕೆಲಸ ಬೇರೆಯವನಿಗೆ ಹೋಯಿತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಕಾಲ ಬಂತು. ಅವಳ ಮೇಜಿನ ಮೇಲೆ ಯೂನಿಫಾರಂ ಬಟ್ಟೆಗಳ ರಾಶಿ. ಒಂದು ಬೆಳಗ್ಗೆ ಕತ್ತರಿಸಿದ ತುಂಡುಗಳನ್ನು ಎದೆಗೆ ಅವುಚಿಕೊಂಡು ನಡುಮನೆಯಲ್ಲಿ ಬರುತ್ತಿದ್ದಳು. ಸೂಪರ್‌ವೈಸರು ಆಗಷ್ಟೇ ಸ್ನಾನ ಮುಗಿಸಿದ್ದರು. ಬಟ್ಟೆಗಳು ಒಂದು ಕಡೆ ಹಾರಿದವು, ಅವಳು ಇನ್ನೊಂದು ಕಡೆ ಬಿದ್ದಳು, ಬಲಗೈ ಮೈಯಡಿಗೆ ಸಿಕ್ಕಿಕೊಂಡಿತು. ಮಣಿಕಟ್ಟಿನಲ್ಲಿ ಲಟಕ್ ಎಂದದ್ದು ಅವಳಿಗೇ ಕೇಳಿಸಿತು.

ಸೂಪರ್‌ವೈಸರು ಓಡಿ ಬಂದರು. ಅವರ ಬಾಯಿಂದ ಬಂದ ಮೊದಲ ಮಾತು:

"ನೋಡ್ಕೊಂಡು ನಡೀಬಾರ್ದಾ?"

ಆಮೇಲೆ ಎತ್ತಿ ಕೂರಿಸಿದರು, ನೀರು ಕುಡಿಸಿದರು, ಗಾಡಿ ಕರೆಸಿದರು; ಅಷ್ಟು ಮನುಷ್ಯತ್ವ ಇತ್ತು. ಆದರೆ ಗಾಡಿಯಲ್ಲಿ ದಾರಿಯುದ್ದಕ್ಕೂ, ನೋವಿನಿಂದ ತುಟಿ ಕಚ್ಚಿಕೊಂಡ ಹೆಂಡತಿಯ ಪಕ್ಕದಲ್ಲಿ ಕೂತು, ತಪ್ಪು ಯಾರದೆಂದು ಹುಡುಕುತ್ತಲೇ ಇದ್ದರು. ಮೊದಲು ಅವಳ ಚಪ್ಪಲಿ. ಆಮೇಲೆ ಹೊಸ ಸೋಪು, ಅದರಲ್ಲಿ ನೊರೆ ಜಾಸ್ತಿ. ಆಮೇಲೆ ಅವಳ ಕಣ್ಣು. ಅಷ್ಟೊಂದು ಬಟ್ಟೆ ಒಟ್ಟಿಗೆ ಹೊತ್ತುಕೊಳ್ಳುವ ಅವಳ ದುರಾಸೆ. ಕ್ಲಿನಿಕ್ಕಿನ ಬಾಗಿಲಿಗೆ ಬರುವ ಹೊತ್ತಿಗೆ ಮೇಸ್ತ್ರಿಯ ಹೆಸರು ಸಿಕ್ಕಿತು.

ಕೈಗೆ ಪ್ಲಾಸ್ಟರ್ ಬಿತ್ತು. ಹೊಲಿಗೆ ನಿಂತಿತು. ಬಟ್ಟೆ ಕೊಟ್ಟವರು ಒಬ್ಬೊಬ್ಬರಾಗಿ ಬಂದು ತುಂಡುಗಳನ್ನು ವಾಪಸು ತೆಗೆದುಕೊಂಡು ಹೋಗತೊಡಗಿದರು. ಹೀಗೆ ಬಂದ ಒಬ್ಬ ತಾಯಿ, "ಹೇಗಾಯ್ತು ಪಾಪ?" ಎಂದು ಕೇಳಿದಳು. ಹೊಲಿಗೆಯಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಸೂಪರ್‌ವೈಸರ ದನಿ ಬಂತು:

"ಏನು ಮಾಡೋದಮ್ಮ, ಇವಳಿಗೆ ಮೊದಲಿನಿಂದಲೂ ನೆಲ ನೋಡಿ ನಡೆಯೋ ಅಭ್ಯಾಸ ಇಲ್ಲ."

ಅವಳು ಅವತ್ತು ಮೂಗಿನಲ್ಲಿ ನಗಲಿಲ್ಲ. ಎದ್ದಳು. ಎಡಗೈಯಲ್ಲೇ ಚೀಲಕ್ಕೆ ನಾಲ್ಕು ಬಟ್ಟೆ ತುರುಕಿಕೊಂಡಳು, ತಂಗಿಯ ಮನೆಗೆ ಹೊರಟುಹೋದಳು.

ತಂಗಿ ಅಕ್ಕನಿಗಿಂತ ಚುರುಕು, ಮಾತಿನಲ್ಲಿ ಖಾರ. ಅವಳ ಗಂಡ ಬೇಕರಿಯಲ್ಲಿ ಕೆಲಸ ಮಾಡುವವನು. ಬೆಳಗ್ಗೆ ಬ್ರೆಡ್ಡು ಬೇಯಿಸಿ ಬಂದು ಹಗಲೆಲ್ಲ ಮಲಗುವ ಸಾಧು ಪ್ರಾಣಿ. ವಾರ ಕಳೆಯುವುದರೊಳಗೆ ಸೂಪರ್‌ವೈಸರು ಅಲ್ಲಿಗೆ ಬಂದರು. ಇಸ್ತ್ರಿಯಿಲ್ಲದ ಅಂಗಿ, ಸರಿಯಾಗಿ ಬೋಳಿಸದ ಗಡ್ಡ. ಚಹಾ ಕುಡಿದು ಲೋಟ ಕೆಳಗಿಟ್ಟು, ದೊಡ್ಡ ಮನಸ್ಸು ಮಾಡಿದವರ ದನಿಯಲ್ಲಿ ಹೇಳಿದರು:

"ಆಯ್ತು ಬಾರೇ. ತಪ್ಪಾಯ್ತು. ಮನೆಗೆ ಹೋಗೋಣ."

"ಏನು ತಪ್ಪಾಯ್ತು?" ಎಂದಳು ಹೆಂಡತಿ.

"ಏನೋ ಒಂದು. ಆಗಿದ್ದು ಆಗಿಹೋಯ್ತು."

"ಯಾರು ಮಾಡಿದ್ರು?"

"ಅದೆಲ್ಲ ಈಗ ಯಾಕೆ? ತಪ್ಪಾಯ್ತು ಅಂದ್ನಲ್ಲ!"

ಬಾಗಿಲಿಗೆ ಒರಗಿ ನಿಂತಿದ್ದ ತಂಗಿಗೆ ತಡೆಯಲಾಗಲಿಲ್ಲ. "ಭಾವ, ಕತ್ತಲಾಯ್ತು, ಮಳೆಯಾಯ್ತು ಅಂದ ಹಾಗೆ ತಪ್ಪಾಯ್ತು ಅಂತೀರಲ್ಲ. ಆಕಾಶದಿಂದ ಬಿತ್ತಾ ಅದು? ಮಾಡಿದೋರು ಒಬ್ರು ಇರ್ಬೇಕಲ್ಲ?"

"ಇರ್ತಾರೆ. ನಮ್ಮ ಕಡೆಯಿಂದಾನೇ ಆಯ್ತು ಅಂತಿಟ್ಕೋ."

"ನಮ್ಮ ಕಡೆ ಅಂದ್ರೆ ನಾನೂ ಇದ್ದೀನಾ ಅದರಲ್ಲಿ?" ಎಂದಳು ಹೊಲಿಗೆಯಮ್ಮ ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸುತ್ತ. "ನೆಲ ಹಾಕಿದ್ದು ನೀವು. ಹೆಸರು ಕೆಡಿಸಿದ್ದು ಆ ಮೇಸ್ತ್ರಿದು. ಅವನ ಮುಂದೆ ನಿಂತು, 'ನಾನು ಮಾಡಿದೆ' ಅಂತ ನಿಮ್ಮ ಬಾಯಿಂದ ಹೇಳಿ. ಅವತ್ತು ಬರ್ತೀನಿ."

"ಒಬ್ಬ ಗಾರೆಯವನ ಮುಂದೆ? ನಾನು?" ಸೂಪರ್‌ವೈಸರು ಕೊಡೆ ತೆಗೆದುಕೊಂಡು ಎದ್ದುಬಿಟ್ಟರು. ಹೊಸಿಲು ದಾಟುವಾಗ ಎಡವಿದರು. "ಹೊಸಿಲು ಎಷ್ಟೆತ್ತರ ಇಟ್ಟಿದ್ದೀರ ನೀವು!" ಎಂದು ಬೈದು ಹೋದರು. ಒಳಗೆ ಮಲಗಿದ್ದ ಸಾಧು ಪ್ರಾಣಿ ಕೂಡ ನಕ್ಕದ್ದು ಕೇಳಿಸಿತು.

ಆದರೆ ಮತ್ತೆ ಬಂದರು. ಬರದೆ ಏನು ಮಾಡುತ್ತಾರೆ? ಮನೆಯಲ್ಲಿ ಈಗ ಅವರೊಬ್ಬರೇ. ಸ್ನಾನ ಮಾಡಿದ ನೀರು ಬಾಗಿಲಿಗೆ ಬರುತ್ತಿತ್ತು, ಅದನ್ನು ಅವರೇ ಬಗ್ಗಿ ಒರೆಸಬೇಕಿತ್ತು. ಒರೆಸಲಿ, ಅದು ದೊಡ್ಡದಲ್ಲ. ಆದರೆ ಹಾಲು ಸೀದರೆ, ಲೋಟ ಒಡೆದರೆ ತಿರುಗಿ ನೋಡಿ ಬೈಯಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಪ್ಪುಗಳೆಲ್ಲ ಹೋಗಲು ಜಾಗವಿಲ್ಲದೆ ಅವರ ಸುತ್ತಲೇ ಸುಳಿಯುತ್ತಿದ್ದವು. ಎರಡನೆಯ ಸಲ ಬಂದಾಗ ಅವರು ಚಹಾ ಕುಡಿಯಲಿಲ್ಲ. "ಬಾ ಹೋಗೋಣ, ಎಲ್ಲಿದ್ದಾನೆ ಅವನು?" ಎಂದರು.

ಮೇಸ್ತ್ರಿ ದೊಡ್ಡ ರಸ್ತೆಯಲ್ಲಿ ಮೇಲೇಳುತ್ತಿದ್ದ ಅಂಗಡಿ ಸಾಲಿನ ಕೆಲಸದಲ್ಲಿದ್ದ. ಡಾಕ್ಟರಮ್ಮ ಬೇಡವೆಂದ ಮೇಲೆ ಅವನನ್ನು ಬೇರೆಯವರೂ ಬೇಡವೆಂದಿದ್ದರು. ಡಾಕ್ಟರಮ್ಮನ ಮಾತಿಗೆ ಆ ಕಡೆಯಲ್ಲಿ ಅಷ್ಟು ಬೆಲೆ. ಈಗ ಅವನು ಸ್ವಂತ ಕೆಲಸ ಹಿಡಿಯುವ ಮೇಸ್ತ್ರಿಯಲ್ಲ, ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ದಿನಗೂಲಿಗೆ ಗೋಡೆ ಗಾರೆ ಮಾಡುವವನು. ಹಲಗೆಯ ಮೇಲೆ ನಿಂತು ಹಸಿ ಗೋಡೆಗೆ ಕರಣೆ ಆಡಿಸುತ್ತಿದ್ದವನು ಇವರಿಬ್ಬರನ್ನು ನೋಡಿದ, ಕೆಳಗಿಳಿಯಲಿಲ್ಲ.

"ಮೇಸ್ತ್ರಿ, ಒಂದು ವಿಷಯ ಮಾತಾಡ್ಬೇಕಿತ್ತು" ಎಂದರು ಸೂಪರ್‌ವೈಸರು ಮೇಲೆ ನೋಡುತ್ತ.

"ಮಾತಾಡಿ ಸಾರ್, ಕಿವಿ ಖಾಲಿ ಇದೆ."

"ನಮ್ಮ ಬಚ್ಚಲು ನೆಲದ ವಿಷಯದಲ್ಲಿ ಸ್ವಲ್ಪ ತಪ್ಪು ತಿಳಿವಳಿಕೆ ಆಗಿದೆ."

"ಯಾರಿಗೆ?"

"ಜನಕ್ಕೆ."

"ಜನಕ್ಕೆ ಹೇಗಾಯ್ತು?"

"ಹೇಗೋ ಹಬ್ಬಿಬಿಡ್ತು."

"ತಾನಾಗಿ ಹಬ್ಬೋಕೆ ಅದೇನು ಬಳ್ಳಿಯಾ ಸಾರ್?"

ಸಿಮೆಂಟು ಕಲಸುತ್ತಿದ್ದವರು ಸಲಿಕೆ ನಿಲ್ಲಿಸಿದರು. ಸೂಪರ್‌ವೈಸರು ಕುತ್ತಿಗೆಯ ಬೆವರು ಒರೆಸಿಕೊಂಡರು. "ನೋಡು, ನೀನು ಹೇಳಿದ ದಿನ ಬಂದಿದ್ರೆ ಇದ್ಯಾವ್ದೂ..."

"ರೀ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಅವರು ಬಾಯಿ ಮುಚ್ಚಿದರು. ಅಷ್ಟು ವರ್ಷ ಆಡದೆ ಉಳಿಸಿಕೊಂಡ ಮಾತು, ತುಕ್ಕು ಹಿಡಿದ ನಲ್ಲಿಯ ಹಾಗೆ ಮೊದಲು ಗೊರಗೊರ ಎಂದಿತು, ಆಮೇಲೆ ಹೊರಗೆ ಬಂತು.

"ನೆಲ ನಾನು ಹಾಕಿದೆ. ವಾಟ ಕೆಡಿಸಿದ್ದು ನಾನು. ನೀನು ಕೆಡಿಸಿದೆ ಅಂತ ಎಲ್ಲರ ಹತ್ರ ಹೇಳಿದ್ದೂ ನಾನೇ."

ಮೇಸ್ತ್ರಿ ಈಗ ಹಲಗೆಯಿಂದ ಇಳಿದು ಬಂದ. "ನಾನು ಹೇಳಿದ ದಿನ ಬರಲಿಲ್ಲ, ಅದು ನನ್ನದೇ ತಪ್ಪು. ದುರಾಸೆಗೆ ಬಿದ್ದು ಎರಡು ಕೆಲಸ ಹಿಡಿದೆ. ಅದಕ್ಕೆ ನಾಲ್ಕು ಬೈದಿದ್ರೆ ತಲೆ ಬಗ್ಗಿಸಿ ಕೇಳ್ತಿದ್ದೆ. ಆದ್ರೆ ನೀವು ಹಾಕಿದ ನೆಲಾನ ನನ್ನ ತಲೆಗೆ ಕಟ್ಟಿದ್ರಿ. ಅಲ್ಲಿ ನಿಂತಿದ್ದಾನಲ್ಲ, ಅವನೇ ಇಲ್ಲಿ ಮೇಸ್ತ್ರಿ. ಒಂದು ಕಾಲದಲ್ಲಿ ನನಗೆ ಸಿಮೆಂಟು ಕಲಸಿಕೊಡ್ತಿದ್ದವನು."

ಸೂಪರ್‌ವೈಸರು ನೆಲ ನೋಡಿದರು. ಹೊಲಿಗೆಯಮ್ಮನಿಗೆ, ತಪ್ಪೋ ಸರಿಯೋ, ಒಂದು ಸಣ್ಣ ತೃಪ್ತಿಯಾಯಿತು. ಅದು ಪೂರ್ತಿಯಾಗುವ ಮೊದಲೇ ಮೇಸ್ತ್ರಿ ಅವಳ ಕಡೆ ತಿರುಗಿದ.

"ಸಾರ್ ವಿಷಯ ಬಿಡಿ ಅಮ್ಮ, ಅವರನ್ನ ಯಾರು ನಂಬ್ತಾರೆ? ನಾನು ಡಾಕ್ಟರಮ್ಮನ ಹತ್ರ ಹೋಗಿ ಕೇಳ್ದೆ. 'ಆ ಯಜಮಾನರ ಮಾತು ನಾನೂ ನಂಬ್ತಿರಲಿಲ್ಲಪ್ಪ, ಆದ್ರೆ ಹೊಲಿಗೆಯಮ್ಮನೂ ಹೌದು ಅಂದ್ರಲ್ಲ' ಅಂದ್ರು. ನೀವು ಹೌದು ಅಂದ್ರಾ?"

ಎಲ್ಲರೂ ಅವಳನ್ನು ನೋಡುತ್ತಿದ್ದರು.

"ಅಯ್ಯೋ, ಆ ಹೊತ್ತಲ್ಲಿ... ಬೆರಳು ನೋಯ್ತಿತ್ತು, ಬಾಯಿಂದ ಹಾಗೆ ಬಂದುಬಿಡ್ತು" ಎಂದಳು.

ಹೇಳಿದ ಮಾತು ಅವಳ ಕಿವಿಗೇ ತಿರುಗಿ ಬಿತ್ತು. ಬಂದುಬಿಡ್ತು. ಯಾರೂ ತರಲಿಲ್ಲ, ತಾನೇ ಬಂತು. ಇಷ್ಟು ವರ್ಷ ಗುಂಡುಸೂಜಿ ಕಚ್ಚಿಕೊಂಡು ಯಾವ ಮಾತಿಗೆ ನಗುತ್ತಿದ್ದಳೋ ಅದೇ ಮಾತು, ಅದೇ ದನಿ, ಬೆರಳಿನ ನೋವಿನ ನೆಪ ಸಮೇತ. ಗಂಡನ ಮೇಲೆ ಇಟ್ಟುಕೊಂಡಿದ್ದ ತಾತ್ಸಾರವೆಲ್ಲ ಮಗ್ಗುಲು ಬದಲಿಸಿ ಅವಳ ಮೇಲೇ ಬಂದು ಕೂತಿತು. ಗಂಡ ಕಡೇ ಪಕ್ಷ ಬಾಯಿಬಿಟ್ಟು ಸುಳ್ಳು ಹೇಳಿದ್ದರು. ತಾನು ನಿಜವನ್ನೇ ನಾಜೂಕಾಗಿ ಕತ್ತರಿಸಿ, ಅಂಚು ಕಾಣದ ಹಾಗೆ ಮಡಚಿ ಕೊಟ್ಟಿದ್ದಳು.

"ಇಲ್ಲ ಮೇಸ್ತ್ರಿ," ಎಂದಳು ಕೊನೆಗೆ. "ಬಂದುಬಿಡಲಿಲ್ಲ. ನಾನೇ ಹಾಗೆ ಅಂದೆ. ನೆಲ ಯಾರು ಹಾಕಿದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಚ್ಚಿಟ್ಟೆ."

ಮೇಸ್ತ್ರಿ ಪರವಾಗಿಲ್ಲ ಎನ್ನಲಿಲ್ಲ. "ಗೋಡೆ ಒಣಗ್ತಾ ಇದೆ" ಎಂದು ಹಲಗೆ ಹತ್ತಿದ. ಹತ್ತಿದ ಮೇಲೆ, ಇವರ ಕಡೆ ನೋಡದೆ, "ಇಲ್ಲಿ ಹೇಳಿ ಏನು ಬಂತು? ಹೇಳಬೇಕಾದ ಜಾಗ ಬೇರೆ ಇದೆ" ಎಂದ.

ಹೊರಗೆ ರಸ್ತೆಗೆ ಬರುತ್ತಿದ್ದಂತೆ ಸೂಪರ್‌ವೈಸರ ನಡಿಗೆಗೆ ಹೊಸ ಹುರುಪು ಬಂತು. ಗುಡ್ಡ ಹತ್ತಿ ಬಂದವರ ಹಾಗೆ ಉಸಿರು ಬಿಟ್ಟು, "ಹಾಗಾದ್ರೆ ಅವನ ಕೆಲಸ ಹೋಗಿದ್ದು ನಿನ್ನ ಮಾತಿನಿಂದ! ನನ್ನ ಮಾತಿನಿಂದ ಅಲ್ಲ. ಲೆಕ್ಕ ಹಾಕಿದ್ರೆ ನಿನ್ನ ತಪ್ಪೇ ದೊಡ್ಡದು" ಎಂದರು.

ಅವಳು ನಡುರಸ್ತೆಯಲ್ಲೇ ನಿಂತಳು. "ನನ್ನದು ನಾನು ಹೊರ್ತೀನಿ. ನಿಮ್ಮದನ್ನ ತಂದು ಅದರ ಮೇಲೆ ಇಡಬೇಡಿ."

ಡಾಕ್ಟರಮ್ಮನ ಹತ್ತಿರ ಮಾತು ಮೊದಲು ತೆಗೆದದ್ದು ಅವಳೇ. ಹೊರಗೆ ಬೆಂಚಿನ ಮೇಲೆ ರೋಗಿಗಳು ಕೂತಿದ್ದರು, ಬಾಗಿಲು ತೆರೆದೇ ಇತ್ತು. ಅವಳು ತನ್ನ ಪಾಲು ಹೇಳಿದಳು, ಸೂಪರ್‌ವೈಸರು ತಮ್ಮ ಪಾಲು ಹೇಳಿದರು. ಡಾಕ್ಟರಮ್ಮ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

"ಕೋಣೆಗಳ ಕೆಲಸ ಮುಗಿದೇ ಹೋಯ್ತು. ಈಗ ಬಂದು ಹೇಳ್ತಿದ್ದೀರ?"

"ಹೌದು," ಎಂದಳು ಅವಳು.

"ನಿಮ್ಮ ಮಾತು ಅಂತ ನಾನು ಇನ್ನೂ ಎರಡು ಮನೆಯವರಿಗೆ ಹೇಳಿದ್ದೆ." ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. "ಕೈ ತೋರಿಸಿ." ಅಷ್ಟೇ. ಕೈ ನೋಡಿದರು, ಮುಂದಿನ ರೋಗಿಯನ್ನು ಕರೆದರು.

ಅವಳು ಮನೆಗೆ ಹಿಂದಿರುಗಿದಳು. ಬಚ್ಚಲು ಸರಿ ಮಾಡಿಕೊಡಲು ಮೇಸ್ತ್ರಿಗೆ ಹೇಳಿ ಕಳಿಸಿದರೆ, "ಊರಲ್ಲಿ ಕೆಲಸ ಇಲ್ಲದೆ ಉಪವಾಸ ಬಿದ್ರೂ ಆ ಮನೆಗೆ ಕಾಲಿಡಲ್ಲ" ಎಂದುಬಿಟ್ಟ. ಬೇರೆಯವನು ಬಂದು ಹಾಕಿದ. ಹಳೆಯ ಟೈಲ್ಸನ್ನು ಮಾತ್ರ ಸೂಪರ್‌ವೈಸರೇ ಸುತ್ತಿಗೆ ಉಳಿ ಹಿಡಿದು ಒಡೆದರು. ಒಡೆಯುವಾಗ ಬೆರಳು ಜಜ್ಜಿಕೊಂಡು ಸುತ್ತಮುತ್ತ ನೋಡಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬೆರಳನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಾದರು.

ಇಷ್ಟಕ್ಕೇ ಮನುಷ್ಯ ಬದಲಾಗಿಬಿಟ್ಟ ಎಂದು ಯಾರೂ ತಿಳಿಯಬೇಕಾಗಿಲ್ಲ. ತಿಂಗಳು ಕಳೆಯುವುದರೊಳಗೆ ಸೂಪರ್‌ವೈಸರು ತಪ್ಪೊಪ್ಪಿಕೊಂಡದ್ದನ್ನೇ ಒಂದು ಪದಕದ ಹಾಗೆ ಎದೆಗೆ ಚುಚ್ಚಿಕೊಂಡರು. ಹಾಲಿನ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, "ತಪ್ಪು ಒಪ್ಪಿಕೊಳ್ಳೋಕೆ ಎಂಟೆದೆ ಬೇಕು ಸ್ವಾಮಿ. ಎಷ್ಟು ಜನ ಒಪ್ಕೋತಾರೆ ಹೇಳಿ, ಈ ಕಾಲದಲ್ಲಿ?" ಎಂದು ಕೇಳತೊಡಗಿದರು. ಈ ಹೊಸ ಕಥೆಯಲ್ಲಿ ಮೇಸ್ತ್ರಿ ಗಳಗಳ ಅತ್ತ. ಡಾಕ್ಟರಮ್ಮ ಕುರ್ಚಿ ಬಿಟ್ಟೆದ್ದು ಕೈ ಮುಗಿದರು. ಪ್ಲಾಸ್ಟರ್ ಬಿಚ್ಚಿ ಹೊಲಿಗೆ ಮತ್ತೆ ಶುರುವಾದ ಮೇಲೆ ಒಂದು ದಿನ ಬಟ್ಟೆ ಕೊಡಲು ಬಂದವರ ಮುಂದೆ, ಅವಳ ಮೇಜಿನ ಪಕ್ಕದಲ್ಲೇ ನಿಂತು ಇದನ್ನು ಹೇಳಿದರು. ಈ ಸಲ ಮಿಷನ್ ನಿಂತದ್ದು ಮತ್ತೆ ಓಡಲಿಲ್ಲ.

"ಮೇಸ್ತ್ರಿ ಅಳಲಿಲ್ಲ," ಎಂದಳು ಅವಳು. "ಡಾಕ್ಟರಮ್ಮ ಏಳಲಿಲ್ಲ. ಮೇಸ್ತ್ರಿ ನಮ್ಮನ್ನ ಕ್ಷಮಿಸಲೂ ಇಲ್ಲ. ಹೇಳೋದಾದ್ರೆ ಅದನ್ನೂ ಹೇಳಿ. ನಾನು ಸುಳ್ಳಿಗೆ ಜೊತೆ ಕೊಟ್ಟೆ, ಅದನ್ನೂ ಸೇರಿಸಿ."

ಸೂಪರ್‌ವೈಸರು ಕೆಮ್ಮಿದರು, ಕೆಲಸ ನೆನಪಾದವರ ಹಾಗೆ ಒಳಗೆ ಹೋದರು. ಬಂದಿದ್ದವರು ಮುಖ ಮುಖ ನೋಡಿಕೊಂಡರು. ಅವಳು ಅವರಿಗೆ ಎಲ್ಲವನ್ನೂ ಹೇಳಿದಳು. ಅಂದಿನಿಂದ ಯಾರು ಬಂದರೂ ಹೇಳಿದಳು: ಆ ಮೇಸ್ತ್ರಿಯ ಕೆಲಸ ಒಳ್ಳೆಯದು, ಹೇಳಿದ ದಿನ ಬರುವುದಿಲ್ಲ ಅಷ್ಟೇ, ನಮ್ಮ ನೆಲ ಹಾಕಿದ್ದು ಅವನಲ್ಲ. ಡಾಕ್ಟರಮ್ಮ ಹೇಳಿದ್ದ ಎರಡು ಮನೆಗಳಿಗೆ ತಾನೇ ನಡೆದುಹೋದಳು. ಒಂದು ಮನೆಯಾಕೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ಒಳಗೆ ಬಾ ಎನ್ನಲಿಲ್ಲ. ಸುಳ್ಳು ಹೇಳುವಾಗ ಕುರ್ಚಿ ಸಿಕ್ಕಿತ್ತು. ಈಗ ಬಿಸಿಲಿನಲ್ಲಿ ನಿಂತು ಹೇಳಬೇಕಾಯಿತು. ಸುಳ್ಳಿಗೆ ಹೋಲಿಸಿದರೆ ಈ ಮಾತು ಬಹಳ ನಿಧಾನ ಹರಡಿತು. ಎಷ್ಟೋ ಜನ ಪೂರ್ತಿ ಕೇಳಲೂ ಇಲ್ಲ.

ಆದರೂ ಯಾರೋ ಒಬ್ಬರು ಮಹಡಿ ಕಟ್ಟಿಸುವಾಗ ಮೇಸ್ತ್ರಿಯನ್ನು ಕರೆದರು. ಆಮೇಲೆ ಇನ್ನೊಬ್ಬರು. ಅಂಗಡಿ ಸಾಲಿನ ದಿನಗೂಲಿ ಬಿಟ್ಟನೆಂದು ಅವಳಿಗೆ ತಂಗಿ ಹೇಳಿದಳು.

ಮುಂದಿನ ಸಲ ಶಾಲೆ ತೆರೆಯುವ ಹೊತ್ತಿಗೆ ಅವಳ ಕೈ ಪ್ಲಾಸ್ಟರ್ ಬಿಟ್ಟು ಬಹಳ ಕಾಲವಾಗಿತ್ತು. ಮಣಿಕಟ್ಟು ಮಾತ್ರ ಪೂರ್ತಿ ತಿರುಗುತ್ತಿರಲಿಲ್ಲ. ಒಂದು ಸಂಜೆ ಮೇಸ್ತ್ರಿ ಬಂದು ಹೊರಗೆ ನಿಂತ. ಒಳಗೆ ಬರಲಿಲ್ಲ, ಕಾಲಿಡುವುದಿಲ್ಲ ಎಂದ ಮಾತು ಉಳಿಸಿಕೊಂಡು ಕಿಟಕಿಯಿಂದಲೇ ಒಂದು ಪೊಟ್ಟಣ ಚಾಚಿದ. ಅವನ ಹೆಂಡತಿ ಮಗಳ ಯೂನಿಫಾರಂ ಹೊಲಿಸಿಕೊಂಡು ಹೋಗಿದ್ದಳು, ಅದೇ.

"ಅಮ್ಮ, ಇದರ ಗುಂಡಿ ನೋಡಿ. ಒಂದು ಮೇಲೆ, ಒಂದು ಕೆಳಗೆ. ಮಗು ಹಾಕ್ಕೊಂಡ್ರೆ ಕತ್ತು ಸೊಟ್ಟ ಇರೋ ಹಾಗೆ ಕಾಣುತ್ತೆ."

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸೊಟ್ಟಗಿತ್ತು. ಒಳಗಿನಿಂದ ಸೂಪರ್‌ವೈಸರು, "ಕೈ ಇನ್ನೂ ನೆಟ್ಟಗಾಗಿಲ್ಲಪ್ಪ ಅವಳಿಗೆ, ಅದಕ್ಕೆ ಹಾಗಾಗಿದೆ..." ಎಂದು ಕೂಗಿದರು.

"ನೀವು ಸುಮ್ನಿರಿ," ಎಂದಳು ಅವಳು. ಕತ್ತರಿ ತೆಗೆದುಕೊಂಡಳು. "ಸೊಟ್ಟ ಹೊಲಿದಿದ್ದೀನಿ ಮೇಸ್ತ್ರಿ. ಅವಸರ ಮಾಡಿದೆ. ಬಿಚ್ಚಿ ಹಾಕಿಕೊಡ್ತೀನಿ, ಕೂತ್ಕೋ."

ಮೇಸ್ತ್ರಿ ಹೊರಗಿನ ಜಗಲಿಯ ಮೇಲೆ ಕೂತ. ತಾನು ಈಗ ಹಾಕುತ್ತಿರುವ ಮಹಡಿಯ ನೆಲ ಎಂಥದ್ದು, ಅಂಥ ನೆಲ ಈ ಕಡೆ ಇನ್ನೊಬ್ಬ ಹಾಕಲಾರ ಎಂದು ಶುರು ಮಾಡಿದ. ಅವಳು ಹೂಂಗುಟ್ಟುತ್ತ ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.